ಅಣ್ಣನ ಹೆಸರಿನ ಕಾಗದ

ಹದಿನೆಂಟು ವರ್ಷ ಬಸ್ಸು ಓಡಿಸಿದರೂ ಒಬ್ಬ ಪ್ರಯಾಣಿಕನ ಮೇಲೂ ದನಿ ಏರಿಸಿದವಳಲ್ಲ ಅವಳು. ಅಂಥವಳು ಆ ಮಂಗಳವಾರ ಆಸ್ಪತ್ರೆಯ ಕೌಂಟರಿನ ಗಾಜು ಅದುರುವ ಹಾಗೆ ಗುದ್ದಿದಳು.

ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಹಿಂದಿನ ದಿನ ಏಣಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಎಚ್ಚರವಿಲ್ಲದೆ ಮಲಗಿದ್ದ. ಆಪರೇಷನ್ ಮಾಡಬಹುದು, ಕಾದೂ ನೋಡಬಹುದು, ಮನೆಯವರೇ ಹೇಳಬೇಕು ಎಂದಿದ್ದರು ಡಾಕ್ಟರು. ಅವಳು ಎರಡನೇ ಮಾತಿಲ್ಲದೆ ಪೆನ್ನು ಕೈಗೆತ್ತಿಕೊಂಡಳು. ಆದರೆ ಗುಮಾಸ್ತ ಗಂಡನ ಪರ್ಸಿನಲ್ಲಿ ಸಿಕ್ಕ ಮಡಚಿದ ಕಾಗದವನ್ನು ಮುಂದಿಟ್ಟ.

"ನಿಮ್ಮ ಸಹಿ ನಡೆಯಲ್ಲಮ್ಮ. ಎಚ್ಚರ ತಪ್ಪಿದ್ರೆ ಅಣ್ಣನ್ನ ಕೇಳಿ ಅಂತ ಅವರೇ ಬರೆದಿಟ್ಟಿದಾರೆ."

"ಅದು ಮದುವೆಗೆ ಮುಂಚಿನ ಕಾಗದ ಕಣ್ರೀ! ಅದನ್ನ ಬರೆಸಿದ ರಾಜ್ಯ ಬಿಟ್ಟೇ ಆರು ವರ್ಷ ಆಯ್ತು!"

"ರಾಜ್ಯ ಬಿಟ್ರೆ ಕಾಗದ ಸಾಯಲ್ಲ. ಬದಲಾಯಿಸ್ಬೇಕಿತ್ತು."

ಬದಲಾಯಿಸಬೇಕಿತ್ತು! ಇಲ್ಲಿಗೆ ಬಂದ ವರ್ಷದಿಂದಲೂ ಅದನ್ನೇ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಲೈಸೆನ್ಸು ಬದಲಾಯಿಸಿದ್ದ, ಗ್ಯಾಸಿನ ಸಂಪರ್ಕ ಬದಲಾಯಿಸಿದ್ದ, ಆ ಕಾಗದದ ಮಾತೆತ್ತಿದರೆ ಮಾತ್ರ, "ನಾನೇನು ನಾಳೆನೇ ಸಾಯ್ತೀನಾ?" ಎಂದು ನಕ್ಕುಬಿಡುತ್ತಿದ್ದ.

ಊರು ಬಿಟ್ಟ ಮೇಲೆ ಮಾತೇ ಇಲ್ಲದ ಭಾವನನ್ನು ಹುಡುಕಲು ಮೂರು ಗಂಟೆ ಹಿಡಿಯಿತು.

"ಮಾಡ್ಲಿ ಬಿಡು ಆಪರೇಷನ್ನು," ಎಂದ ಭಾವ ಫೋನಿನಲ್ಲಿ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಂದಹಾಗೆ, ಉಯಿಲಲ್ಲೂ ನಾನೇ ಇರ್ಬೇಕಲ್ವಾ?"

ಅವಳ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಹಲ್ಲು ಕಚ್ಚಿ ನುಂಗಿದಳು. ಇವನ ಸಹಿ ಇನ್ನೂ ಬರಬೇಕಿತ್ತು.

ಸಹಿ ಬಂತು, ಆಪರೇಷನ್ ಆಯಿತು, ಗಂಡ ಉಳಿದ. ಕಣ್ಣು ಬಿಟ್ಟು ಮಾತಾಡುವಷ್ಟಾದಾಗ, "ಹೆದರಿಬಿಟ್ಯಾ?" ಎಂದು ಕೇಳಿದ.

"ಹೆದರಿಕೆಯಂತೆ ಹೆದರಿಕೆ! ಹನ್ನೊಂದು ವರ್ಷ ನಿನ್ನ ಜೊತೆ ಬಾಳಿದೋಳು ಅಲ್ಲಿ ದಾರಿಹೋಕಳ ಥರ ನಿಂತಿದ್ದೆ. ಗೊತ್ತಾ ನಿಂಗೆ?"

ಒಂಬತ್ತನೇ ದಿನ, ಗಂಡನ ಕಾಗದವನ್ನೂ ಉಯಿಲನ್ನೂ ಹೊಸದಾಗಿ ಬರೆಸಲು ವಕೀಲೆಯನ್ನು ವಾರ್ಡಿಗೇ ಕರೆತಂದಳು. ಸಾಕ್ಷಿಗೆ ಡಿಪೋದ ಇಬ್ಬರು ಡ್ರೈವರುಗಳು ಯೂನಿಫಾರ್ಮಿನಲ್ಲೇ ಬಂದರು. ಆಳೆತ್ತರದ ಅಕ್ಷರವನ್ನು ನೂಲು ಹಿಡಿದಂತೆ ಬರೆಯುತ್ತಿದ್ದವನ ಸಹಿ ಹಾಳೆಯ ತುಂಬ ಸೊಟ್ಟಗೆ ಹರಿದಾಡಿತು. ಅವಳು ಹಾಳೆಯ ಅಂಚನ್ನು ಒತ್ತಿ ಹಿಡಿದಳು. ಮುಖ ಮಾತ್ರ ಸಡಿಲಿಸಲಿಲ್ಲ.

"ನಿಮ್ಮ ಉಯಿಲು?" ವಕೀಲೆ ಅವಳ ಕಡೆ ತಿರುಗಿದಳು.

ಅವಳದೂ ಹಳೆಯ ರಾಜ್ಯದ್ದೇ. ಎಲ್ಲವನ್ನೂ ಅಮ್ಮನ ಹೆಸರಿಗೆ ಬರೆದಿದ್ದಳು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಬಸ್ಸು ಓಡಿಸುವ ನಾನೇ ಹೀಗೆ ಕಣ್ಣು ಮುಚ್ಚಿ ಕೂತಿದ್ದೆನಲ್ಲ! ಗಂಡ ಜಾಣತನದಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಇನ್ನೊಂದು ಹಾಳೆ ತೆಗೀರಿ," ಎಂದು ಸಿಡುಕಿದಳು.

ಎರಡು ತಿಂಗಳಿಗೆ ಗಂಡ ಕೆಲಸಕ್ಕೆ ಮರಳಿದ. ಏಣಿ ಹತ್ತದೆ, ಬೋರ್ಡನ್ನು ನೆಲಕ್ಕೆ ಹಾಕಿಕೊಂಡು ಬರೆಯುತ್ತಾನೆ. ಭಾವ ಒಮ್ಮೆ ಫೋನು ಮಾಡಿ ತಮ್ಮನ ಆರೋಗ್ಯ ವಿಚಾರಿಸಿದ. "ಚೆನ್ನಾಗಿದಾರೆ. ಕಾಗದಗಳೂ ಚೆನ್ನಾಗಿವೆ," ಎಂದು ಅವಳು ಫೋನಿಟ್ಟಳು.