ವಿಮಾನ ಕಂಡು ಅನ್ನಕ್ಕಿಟ್ಟದ್ದು

ಆಕಾಶದಲ್ಲಿ ವಿಮಾನ ಕಂಡ ಕೂಡಲೇ ಒಲೆಯ ಮೇಲೆ ಅನ್ನಕ್ಕಿಟ್ಟ ಹೆಂಗಸನ್ನು ನೀವು ಕಂಡಿದ್ದೀರಾ? ಕಂಪ್ಲಿಗೆ ಬನ್ನಿ ಮೊಮ್ಮಕ್ಕಳೇ, ತೋರಿಸುತ್ತೇನೆ. ನಿಮ್ಮ ಅಜ್ಜಿಯೇ ಅವಳು.

ನಗಬೇಡಿ. (ನಕ್ಕರೂ ನನಗೆ ಕೇಳಿಸದಂತೆ ನಗಿ.) ನಮ್ಮ ಮನೆ ಹೊಳೆಯ ದಂಡೆಗಿದೆ. ಆಚೆ ದಡದಿಂದ ನೆಂಟರ ಹರಿಗೋಲು ಹೊರಟದ್ದು ಮಾಳಿಗೆಯಿಂದ ಕಾಣುತ್ತದೆ. ಕಂಡೊಡನೆ ಅಕ್ಕಿ ತೊಳೆದಿಟ್ಟರೆ, ಅವರು ಬಂದು ಕಾಲು ತೊಳೆಯುವ ಹೊತ್ತಿಗೆ ಅನ್ನ ಆಗಿರುತ್ತದೆ. ಇಷ್ಟು ವರ್ಷ ಈ ಅಂದಾಜು ತಪ್ಪಿರಲಿಲ್ಲ.

ನನ್ನ ಅಣ್ಣನ ಮಗ ಶರಣಪ್ಪ ಬೊಂಬಾಯಿಯಲ್ಲಿ ವಿಮಾನಗಳ ಮೆಕ್ಯಾನಿಕ್. ನಿಮ್ಮ ಚಿಕ್ಕತ್ತೆ ಗೌರಿಯನ್ನು ಮದುವೆಗೆ ಕೇಳಿದ. ಮುನ್ನೂರು ಚಿಲ್ಲರೆ ಮೈಲಿ ದೂರಕ್ಕೆ ಮಗಳನ್ನು ಕೊಡಲಾರೆ ಎಂದೆ. ನಿಮ್ಮಪ್ಪ ಹೊಸಪೇಟೆ ಸೇರಿದ ಮೇಲೆ ಈ ಮನೆಯಲ್ಲಿ ನನ್ನೊಡನೆ ಮಾತಾಡುವವಳು ಅವಳೊಬ್ಬಳೇ ಅಲ್ಲವೇ?

"ದೂರ ಎಲ್ಲೈತ್ರಿ ಅತ್ತಿ?" ಎಂದ ಅವನು. "ಟಪಾಲು ವಿಮಾನದಾಗ ಮುಂಜಾನಿ ಹತ್ತಿದ್ರ ಮಧ್ಯಾಹ್ನಕ್ಕ ಬಳ್ಳಾರಿ. ಅವತ್ತ ಸಂಜಿಗೆ ನಿಮ್ಮನ್ಯಾಗ ಬಿಸಿ ಅನ್ನ ಉಣ್ತೀನಿ. ಉಂಡ್ರ ಗೌರಿನ್ನ ಕೊಡ್ರಿ."

ಆಗಲಿ ಎಂದೆ.

ಹೇಳಿದ ದಿನ, ಕಳೆದ ವಾರ, ಮಾಳಿಗೆ ಹತ್ತಿ ಕುಳಿತೆ. ಮಧ್ಯಾಹ್ನ ಗುಂಯ್ ಎಂದು ಬಳ್ಳಾರಿ ಕಡೆಗೆ ಹೋಗುವ ವಿಮಾನ ನಮ್ಮೂರ ಮೇಲೆ ಬಂತು. ನಾನು ಮೊದಲು ಮಾಡಿದ್ದೇನು? ತಲೆ ತುಂಬ ಸೆರಗು ಎಳೆದುಕೊಂಡೆ. ಆಗಲಿರುವ ಅಳಿಯ ಮೇಲಿದ್ದಾನಲ್ಲ! ಆಮೇಲೆ ಇಳಿದು ಓಡಿ ಅನ್ನಕ್ಕಿಟ್ಟೆ.

"ಅವ್ವ, ಅವ ಬಳ್ಳಾರ್ಯಾಗ ಇಳೀಬೇಕು, ಮತ್ತ ಮೋಟಾರು ಹತ್ತಬೇಕು" ಎಂದಳು ಗೌರಿ.

"ಬೊಂಬಾಯಿಂದ ಇಲ್ಲೀಮಟ ಬಂದಾವ್ಗ ಬಳ್ಳಾರಿ ಯಾವ ದೊಡ್ದು?" ಎಂದೆ.

ಅನ್ನ ಅರಳಿತು, ಮುದ್ದೆಯಾಯಿತು, ಆರಿತು. ದೀಪ ಹಚ್ಚುವ ಹೊತ್ತಾಯಿತು. ಗೌರಿ ಊಟ ಬೇಡವೆಂದು ಮಲಗಿದಳು. ಪಂದ್ಯ ನಾನು ಗೆದ್ದಿದ್ದೆ. ಗೆದ್ದವಳಿಗೆ ತುತ್ತು ಏಕೆ ಇಳಿಯಲಿಲ್ಲ?

ಮರುದಿನ ಬೆಳಿಗ್ಗೆ ಶರಣಪ್ಪ ಕಬ್ಬಿನ ಗಾಡಿಯಿಂದ ಇಳಿದ. ಮೈಯೆಲ್ಲ ಧೂಳು.

"ಸೋತೆಲ್ಲೋ!" ಎಂದೆ.

"ವಿಮಾನ ಸೋತಿಲ್ರಿ ಅತ್ತಿ, ಟೈಮಿಗೇ ಇಳೀತು. ಬಳ್ಳಾರಿಂದ ಬರೂ ದಾರ್ಯಾಗ ಎಮ್ಮಿಗನೂರು ಹತ್ರ ಮೋಟಾರಿನ ಗಾಲಿ ಮುರೀತು. ನಿನ್ನಿ ಅನ್ನ ಐತೇನ್ರಿ? ಅದು ನನ್ನ ಪಾಲಿಂದು."

ಮಜ್ಜಿಗೆ ಹಾಕಿ ಕೊಟ್ಟೆ. ಆ ಅಂಟು ಮುದ್ದೆಯನ್ನು ಹಬ್ಬದೂಟದಂತೆ ಉಂಡ. ಬಾಗಿಲ ಹಿಂದಿನಿಂದ ಗೌರಿ ಮೆಲ್ಲಗೆ ಕೇಳಿದಳು: "ಅವ ಸೋಲ್ಲಿ ಅಂತಿದ್ರ, ವಿಮಾನ ಕಂಡ ಕೂಡ್ಲೆ ಯಾಕ ಅನ್ನಕ್ಕಿಟ್ಟಿ ಅವ್ವ?"

ಕೂಡಲೇ ಹೊಸಪೇಟೆಯಿಂದ ನಿಮ್ಮಪ್ಪನನ್ನು ಕರೆಸಿ, ಎಲೆ ಅಡಿಕೆ ಕೊಡಿಸಿ, ಸಂಬಂಧ ಗಟ್ಟಿ ಮಾಡಿದೆ.

ಈಗ ಪಕ್ಕದ ಮನೆಯ ನೀಲಮ್ಮನಿಗೆ ನನ್ನ ಮೇಲೆ ಕನಿಕರ. "ಬೊಂಬಾಯಿಗೆ ಯಾಕ ಕೊಡ್ತೀಯಬೇ? ಇಲ್ಲೇ ಬಳ್ಳಾರ್ಯಾಗ ಮಸ್ತ್ ಹುಡುಗ ಅದಾನ" ಎಂದಳು.

"ಬ್ಯಾಡವ್ವ," ಎಂದೆ, "ಬಳ್ಳಾರಿ ಭಾಳ ದೂರ."