ಅಂಬಿಗನ ಮಗಳು, ಎರಡನೇ ಭಾಗ

ಹಳೆಯ ಪುಸ್ತಕ ಬಿಡಿಸಿದಾಗ ಒಣಗಿದ ಬೇವಿನೆಲೆಯ ವಾಸನೆ ಬಂದರೆ ಇವತ್ತಿಗೂ ನನ್ನ ಬೆರಳುಗಳು ತಾವಾಗಿ ಹಿಂದಕ್ಕೆ ಸರಿಯುತ್ತವೆ. ಹುಳು ಹತ್ತದಿರಲಿ ಎಂದು ಎಷ್ಟೋ ಮನೆಗಳಲ್ಲಿ ಪುಸ್ತಕದ ಕಪಾಟಿಗೆ ಬೇವಿನ ಸೊಪ್ಪು ಹಾಕುತ್ತಾರೆ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಆದರೆ ಆ ಕಹಿ ವಾಸನೆಯ ಬೆನ್ನಿಗೇ ನನಗೆ ಯಲಹಂಕದ ಹಳೇ ಪೇಟೆಯ ಒಂದು ಬೀದಿ ಕಾಣುತ್ತದೆ, ಅಲ್ಲಿ ಬಾಗಿಲು ಮುಚ್ಚಿಕೊಂಡ ಒಂದು ಮನೆ ಕಾಣುತ್ತದೆ. ನಿಮಗೂ ಅಂಥದ್ದೊಂದು ಮನೆ ಇದ್ದಿರಬಹುದು. ಈಗ ಹುಡುಕಿಕೊಂಡು ಹೋದರೆ ಅದಿದ್ದ ಜಾಗವೂ ಗುರುತು ಸಿಗದಂಥ ಮನೆ.

ಅದು ನಮ್ಮ ತಂದೆಯ ತಂಗಿ ಸುಂದರತ್ತೆಯ ಮನೆ. ನಮ್ಮ ಮನೆಯಿಂದ ನಾಲ್ಕನೆಯದು. ನಾವು ಬರೀ ಮಾವ ಎನ್ನುತ್ತಿದ್ದ ಅವಳ ಗಂಡ ಯಲಹಂಕ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಬಾಗಿಲು ದಾಟಿದರೆ ಒಂದು ಕಡೆಯಿಂದ ಸೀಗೆಪುಡಿಯ ವಾಸನೆ, ಒಳಗಿನಿಂದ ಹುರಿದ ರಾಗಿಯ ವಾಸನೆ, ಗೂಟಕ್ಕೆ ನೇತುಹಾಕಿದ ಮಾವನ ಕೋಟಿನಿಂದ ಕಲ್ಲಿದ್ದಲ ಹೊಗೆಯ ವಾಸನೆ. ಆ ಕೋಟಿನ ಕೆಳಗೆ ಒಂದು ಹಸಿರು ಟ್ರಂಕು. ಅದರ ತುಂಬ ಮಕ್ಕಳ ಪುಸ್ತಕಗಳು. ಮಾವ ಬೆಂಗಳೂರಿಗೆ ಹೋದಾಗಲೆಲ್ಲ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ತಂದವು. ಕೆಲವಕ್ಕೆ ರಟ್ಟಿಲ್ಲ, ಕೆಲವಕ್ಕೆ ಮೊದಲ ನಾಲ್ಕು ಪುಟಗಳಿಲ್ಲ. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ನಾವು ಐದಾರು ಹುಡುಗಿಯರು ಅವಳ ಜಗಲಿಯ ಮೇಲೆ ಸೇರುತ್ತಿದ್ದೆವು. ಪುಸ್ತಕ ಒಯ್ಯುವುದಕ್ಕೆ ಒಂದೇ ಷರತ್ತು. ವಾಪಸು ತರುವಾಗ ಒಂದು ಚೀಟಿ ಬರೆದು ಒಳಗಿಡಬೇಕು: ಈ ಪುಸ್ತಕವನ್ನು ಯಾರು ಓದಬೇಕು, ಯಾಕೆ ಓದಬೇಕು. ನಾನು ಪ್ರತಿ ಸಲವೂ ‘ಎಲ್ಲರೂ ಓದಬೇಕು, ಚೆನ್ನಾಗಿದೆ’ ಎಂದು ಬರೆಯುತ್ತಿದ್ದೆ. ಅತ್ತೆ ಚೀಟಿ ಹಿಂತಿರುಗಿಸುತ್ತಿದ್ದಳು. “ಚೆನ್ನಾಗಿದೆ ಅಂತ ಉಪ್ಪಿಟ್ಟಿಗೂ ಅಂತೀಯ ಕಣೇ ಪದ್ಮಾ. ಇದು ಯಾರಿಗೆ ಬೇಕು, ಅದನ್ನ ಹೇಳು.”

ಅದನ್ನು ಹೇಳಲು ಬರುತ್ತಿದ್ದವಳು ಮುನಿರತ್ನ. ಅಲ್ಲಾಳಸಂದ್ರದ ರೈತರ ಮನೆಯ ಹುಡುಗಿ; ಕೆರೆ ಏರಿಯ ಮೇಲೆ ನಡೆದುಕೊಂಡು ನಮ್ಮ ಸ್ಕೂಲಿಗೆ ಬರುತ್ತಿದ್ದಳು. ನನ್ನದೇ ಕ್ಲಾಸು, ನನ್ನದೇ ಬೆಂಚು. ಮಾತು ಕಡಿಮೆ, ಆದರೆ ಅವಳ ಚೀಟಿಗಳನ್ನು ಅತ್ತೆ ಜೋರಾಗಿ ಓದಿ ನಮಗೆ ಕೇಳಿಸುತ್ತಿದ್ದಳು. ‘ತಂಗಿ ಮೇಲೆ ಕೋಪ ಮಾಡಿಕೊಂಡಿರುವವರು ಓದಬೇಕು, ಮುಗಿಯುವಷ್ಟರಲ್ಲಿ ಕೋಪ ಇರುವುದಿಲ್ಲ.’ ‘ಕತ್ತಲೆಗೆ ಹೆದರುವವರು ಓದಬೇಕು, ಈ ಹುಡುಗನೂ ಹೆದರುತ್ತಾನೆ.’ ನನಗೆ ಅವಳು ಇಷ್ಟ. ಆ ಚೀಟಿಗಳನ್ನು ಕೇಳುವಾಗ ಮಾತ್ರ ಇಷ್ಟವಾಗುತ್ತಿರಲಿಲ್ಲ.

ಟ್ರಂಕಿನಲ್ಲಿ ನಮಗೆಲ್ಲ ಪ್ರಾಣವಾಗಿದ್ದ ಪುಸ್ತಕ ಒಂದಿತ್ತು. ರಟ್ಟು ಕಿತ್ತುಹೋಗಿದ್ದರಿಂದ ಅದರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಂಬಿಗನ ಮಗಳು ಎಂದೇ ಕರೆಯುತ್ತಿದ್ದೆವು. ತಂದೆಯ ದೋಣಿ ತೆಗೆದುಕೊಂಡು ನದಿ ಹುಟ್ಟುವ ಜಾಗ ನೋಡಲು ಒಬ್ಬಳೇ ಹೊರಟ ಹುಡುಗಿಯ ಕಥೆ. ಅವಳು ಒಂದು ಗವಿಯೊಳಗೆ ಹೋಗುತ್ತಾಳೆ, ಕೈಯಲ್ಲಿದ್ದ ಪಂಜು ಆರುತ್ತದೆ, ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ಎರಡನೇ ಭಾಗ ನಮ್ಮಲ್ಲಿರಲಿಲ್ಲ. ಆ ವರ್ಷ, ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯ ಮೊದಲಲ್ಲಿ, ಮಾವ ಅದನ್ನು ಎಲ್ಲಿಂದಲೋ ಹುಡುಕಿ ತಂದುಬಿಟ್ಟರು. ಮೊದಲ ಭಾಗಕ್ಕೆ ಒಳ್ಳೆಯ ಚೀಟಿ ಬರೆದವರಿಗೆ ಮೊದಲ ಸರದಿ ಎಂದಳು ಅತ್ತೆ. ತಾನೂ ಓದಿರಲಿಲ್ಲ, ಮಕ್ಕಳದ್ದೆಲ್ಲ ಆದ ಮೇಲೆಯೇ ತನ್ನ ಸರದಿ ಎನ್ನುವುದು ಅವಳು ತನಗೆ ಹಾಕಿಕೊಂಡ ನಿಯಮ. ಪುಸ್ತಕ ಮುನಿರತ್ನನ ಚೀಲ ಸೇರಿತು. ಎರಡನೆಯ ಸರದಿ ನನ್ನದು.

ಸೋಮವಾರ ಮುನಿರತ್ನ ಸ್ಕೂಲಿಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಅಷ್ಟು ಹೊತ್ತಿಗಾಗಲೇ ಅಟ್ಟೂರಿನ ಕಡೆಯಿಂದ ಒಂದು ಸುದ್ದಿ ನಮ್ಮ ಬೀದಿಗೆ ಬಂದಿತ್ತು. ದೊಡ್ಡವರು ಅದನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲ. ಸಿಡುಬು ಎಂಬ ಮಾತೇ ಬಾಯಲ್ಲಿ ಬರಬಾರದು. ‘ಅಮ್ಮ ಬಂದಿದ್ದಾಳೆ’ ಎನ್ನಬೇಕು, ಅದೂ ಸಣ್ಣ ದನಿಯಲ್ಲಿ. ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದ ಹೆಂಗಸರು ನಾವು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಕ್ಲಾಸಿನಲ್ಲಿ ದಿನಕ್ಕೊಂದು ಜಾಗ ಖಾಲಿಯಾಗುತ್ತಿತ್ತು. ಸಿಡುಬಿನ ಚುಚ್ಚು ಹಾಕುವವರು ಸ್ಕೂಲಿಗೆ ಬಂದರು, ನನ್ನ ತೋಳು ಮೂರು ದಿನ ಉರಿಯಿತು. ಬೀದಿಗೂ ಬಂದರು. ಅತ್ತೆ ಮಾತ್ರ ನಕ್ಕು ಒಳಗೆ ಹೋದಳು. “ಚಿಕ್ಕಂದಿನಲ್ಲಿ ಹಾಕ್ಸಿದ್ದಾರೆ, ಸಾಕು. ಈಗ ತೋಳು ಊದ್ಕೊಂಡ್ರೆ ರೊಟ್ಟಿ ತಟ್ಟೋರ್ಯಾರು?”

ಹದಿನೈದು ದಿನ ಕಾದೆ. ಮುನಿರತ್ನನ ಮನೆಗೂ ಅಮ್ಮ ಬಂದಿದ್ದಾಳೆಂದು ಯಾರೋ ಹೇಳಿದ್ದನ್ನು ಕೇಳಿಯೂ ಇದ್ದೆ. ಹತ್ತು ವರ್ಷದ ನನಗೆ ಆ ಮಾತಿಗಿಂತ ಗವಿಯೊಳಗೆ ಕತ್ತಲೆಯಲ್ಲಿ ನಿಂತ ಹುಡುಗಿಯೇ ದೊಡ್ಡದಾಗಿದ್ದಳು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಅಲ್ಲಾಳಸಂದ್ರಕ್ಕೆ ನಡೆದೆ. ಕೆರೆಯ ನೀರು ಕೆಳಗಿಳಿದು ದಡದ ಕೆಸರು ಬಿರಿದಿತ್ತು. ಏರಿಯ ಮೇಲೆ ಎದುರಿಗೆ ಒಬ್ಬರೂ ಸಿಗಲಿಲ್ಲ. ಊರೊಳಗೆ ಒಂದೊಂದು ಮನೆ ಬಿಟ್ಟು ಒಂದೊಂದು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಮುನಿರತ್ನನ ಮನೆಯ ಬಾಗಿಲಿಗೆ ಕಟ್ಟಿದ್ದು ಒಣಗಿ ಕಂದಾಗಿತ್ತು. ಅವಳ ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಕೈ ಅಡ್ಡ ಹಿಡಿದಳು.

“ಅಲ್ಲೇ ನಿಂತ್ಕೊ ಮಗಾ. ಅಮ್ಮ ಬಂದವ್ಳೆ. ಒಳಗಿರೋ ಒಂದ್ ಕಡ್ಡಿನೂ ಆಚೆ ಓಗಂಗಿಲ್ಲ. ಇಂಗೇ ತಿರುಗ್ಕೊಂಡು ಮನೆಗ್ ಓಗು.”

ಹೋಗುವವಳಂತೆ ತಿರುಗಿ, ಹುಲ್ಲಿನ ಬಣವೆಯನ್ನು ಬಳಸಿ ಮನೆಯ ಹಿಂದಕ್ಕೆ ಹೋದೆ. ಅಲ್ಲಿ ಮರದ ಸರಳಿನ ಒಂದು ಸಣ್ಣ ಕಿಟಕಿ. ಮೆಲ್ಲಗೆ ಕೂಗಿದೆ. ಬಹಳ ಹೊತ್ತಿನ ಮೇಲೆ ಒಳಗಿನ ಕತ್ತಲಿಂದ ದನಿ ಬಂತು.

“ಪದ್ಮಾ, ನನ್ ಮಖ ನೋಡ್ಬ್ಯಾಡ.”

“ನೋಡಲ್ಲ. ಪುಸ್ತಕ ಓದಿದ್ಯಾ?”

“ಎರಡ್ ಸತಿ ಓದ್ದೆ. ಕೊಡಂಗಿಲ್ಲ ಕಣೇ, ಅಜ್ಜಿ ಬೈತಾಳೆ.”

“ಯಾರಿಗೂ ಹೇಳಲ್ಲ ಕಣೇ. ಅಷ್ಟು ದೂರದಿಂದ ನಡ್ಕೊಂಡ್ ಬಂದಿದ್ದೀನಿ.”

ಒಳಗೆ ಚಾಪೆ ಸರಿದ ಸದ್ದಾಯಿತು. ಆಮೇಲೆ ಸರಳುಗಳ ನಡುವಿಂದ ಪುಸ್ತಕ ಹೊರಗೆ ಬಂತು. ಅದನ್ನು ಹಿಡಿದ ಕೈಯನ್ನು ನಾನು ನೋಡಿದೆ; ಮುಖ ನೋಡಬೇಡ ಎಂದಿದ್ದಳೇ ಹೊರತು ಕೈ ನೋಡಬೇಡ ಎಂದಿರಲಿಲ್ಲ. ಅದರ ಮೇಲಿನ ಹಕ್ಕಳೆಗಳು ಒಣಗಿ ಉದುರಲು ಶುರುವಾಗಿದ್ದವು. ಅವಳ ಹಾಸಿಗೆಯಲ್ಲಿದ್ದ ಬೇವಿನೆಲೆಗಳು ಪುಟಗಳ ನಡುವೆಯೂ ಸೇರಿಕೊಂಡಿದ್ದವು. ಕೆರೆ ಏರಿಯ ಮೇಲೆ ನಿಂತು ಪುಸ್ತಕ ಕೊಡವಿದೆ. ಎಲೆಗಳು ಗಾಳಿಗೆ ಹಾರಿಹೋದವು. ವಾಸನೆ ಹೋಗಲಿಲ್ಲ.

ಎರಡು ದಿನ ನಮ್ಮ ಅಟ್ಟದ ಮೇಲೆ ಕೂತು ಓದಿ ಮುಗಿಸಿದೆ. ಅಷ್ಟು ಆಸೆಪಟ್ಟು ಓದಿದ ಪುಸ್ತಕ ಇನ್ನೊಂದಿಲ್ಲ, ಅಷ್ಟು ದಿಗಿಲಿನಲ್ಲಿ ಓದಿದ್ದೂ ಇನ್ನೊಂದಿಲ್ಲ. ಶನಿವಾರ ಅತ್ತೆಗೆ ಕೊಟ್ಟೆ. ಇದು ನಿನ್ನ ಹತ್ತಿರ ಹೇಗೆ ಬಂತು ಎಂದಳು. ಮುನಿರತ್ನ ಹುಷಾರು ತಪ್ಪುವುದಕ್ಕೆ ಮುಂಚೆಯೇ ಕೊಟ್ಟಿದ್ದಳು ಎಂದೆ. ಅತ್ತೆ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಎಂದಿನಂತೆ ಚೀಟಿ ಎಲ್ಲಿ ಎಂದು ಕೇಳಲಿಲ್ಲ. “ಹಿತ್ತಲಿಗೆ ಹೋಗಿ ಸೀಗೆಪುಡಿ ಹಾಕಿ ಕೈ ತೊಳ್ಕೊಂಡ್ ಬಾ, ಮೊಣಕೈವರೆಗೂ” ಎಂದಳು. ನಾನು ತೊಳೆದುಕೊಂಡು ಬರುವಷ್ಟರಲ್ಲಿ ಉಳಿದ ಹುಡುಗಿಯರು ಮುಂದಿನ ಸರದಿ ತಮ್ಮದೆಂದು ಜಗಳಕ್ಕೆ ನಿಂತಿದ್ದರು. ಅತ್ತೆ ಯಾರಿಗೂ ಕೊಡಲಿಲ್ಲ. “ಈ ಸತಿ ನಾನೇ ಮುಂಚೆ ಓದ್ತೀನಿ. ಮುಂದಿನ ಶನಿವಾರ ಯಾರೂ ಬರ್ಬೇಡಿ, ನಾನು ಹೇಳಿ ಕಳಿಸ್ತೀನಿ.” ತನ್ನ ನಿಯಮವನ್ನು ತಾನೇ ಮುರಿದಳಲ್ಲ ಎಂದು ನಮಗೆಲ್ಲ ಬೇಸರವಾಯಿತು. ಮುಖ ಊದಿಸಿಕೊಂಡು ಮನೆಗೆ ಹೋದೆವು.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಅತ್ತೆಗೆ ಜ್ವರ ಬಂತು. ನಮ್ಮಮ್ಮ ಗಂಜಿ ಮಾಡಿ ಅವರ ಜಗಲಿಯ ತುದಿಯಲ್ಲಿಟ್ಟು ಬರುತ್ತಿದ್ದಳು. ರೈಲ್ವೆಯವರು ಆ ವರ್ಷವೇ ಚುಚ್ಚು ಹಾಕಿಸಿದ್ದರಿಂದ ಮಾವನೊಬ್ಬರೇ ಒಳಗಿದ್ದು ನೋಡಿಕೊಂಡರು. ನಾಲ್ಕನೆಯ ದಿನ ಅವರೇ ಏಣಿ ಹತ್ತಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದನ್ನು ನಮ್ಮ ಕಿಟಕಿಯಿಂದ ಕಂಡೆ. ಅವತ್ತು ಹೇಳಿಬಿಡಬೇಕಾಗಿತ್ತು. ಅಮ್ಮನ ಸೆರಗಿನ ಹತ್ತಿರಕ್ಕೆ ಹೋಗುತ್ತಿದ್ದೆ, ಬಾಯಿ ತೆರೆಯುತ್ತಿದ್ದೆ, ಹಸಿವು ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ತಂದೆ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಒಳಗೆ ಬಂದು ಗೋಡೆಗೆ ಒರಗಿ ಕೂತರು. ಯಾರೂ ನನಗೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆರೋಗ್ಯ ಇಲಾಖೆಯವರು ಹಾಸಿಗೆ, ಬಟ್ಟೆ ಸುಡಬೇಕೆಂದರು. ಮಾವ ಟ್ರಂಕನ್ನೂ ಹಿತ್ತಲಿಗೆ ಎಳೆದುಕೊಂಡು ಬಂದು ಪುಸ್ತಕಗಳನ್ನು ಒಂದೊಂದಾಗಿ ಬೆಂಕಿಗಿಟ್ಟರು. ಪ್ರತಿಯೊಂದರಲ್ಲೂ ಮೊದಲು ಹೊತ್ತಿಕೊಂಡದ್ದು ನಾವು ಬರೆದ ಚೀಟಿಗಳು. ಆಮೇಲೆ ಒಂದು ತಿಂಗಳಿಗೆ ಅವರು ವರ್ಗ ಮಾಡಿಸಿಕೊಂಡು ಅರಸೀಕೆರೆಗೆ ಹೋದರು. ಆ ಮನೆಗೆ ಬೇರೆಯವರು ಬಂದರು, ಕೆಲವು ವರ್ಷಗಳಾದ ಮೇಲೆ ಅದನ್ನು ಕೆಡವಿದರು. ಮುನಿರತ್ನ ಬದುಕಿದಳು, ಮುಖದ ಕಲೆಗಳಿಂದಾಗಿ ಮನೆಯವರು ಮತ್ತೆ ಸ್ಕೂಲಿಗೆ ಕಳಿಸಲಿಲ್ಲ. ನಾನು ಅವಳನ್ನು ನೋಡಲು ಹೋಗಲಿಲ್ಲ. ಎಷ್ಟೋ ಕಾಲದ ಮೇಲೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಅವಳೇ ನನ್ನನ್ನು ಗುರುತು ಹಿಡಿದಳು. ತೋಟದ ದ್ರಾಕ್ಷಿಯ ವಿಚಾರ, ಮಕ್ಕಳ ವಿಚಾರ ಎಲ್ಲ ಹೇಳಿ, ಬಸ್ಸು ಬರುವ ಹೊತ್ತಿಗೆ ನನ್ನ ಕೈ ಹಿಡಿದಳು. “ಆವತ್ತು ನಾನು ಕೊಡಬಾರ್ದಾಗಿತ್ತು ಪದ್ಮಾ. ನಿಮ್ಮತ್ತೆನ ನಾನೇ ಕೊಂದೆ ಅಂತ ಎಷ್ಟ್ ದಿನ ಅತ್ತಿದ್ದೀನೋ.” ಪುಸ್ತಕ ಕೇಳಿದವಳು ನಾನು ಕಣೇ ಎಂದೆ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಆ ವಾರವೇ ಅರಸೀಕೆರೆಗೆ ಹೋದೆ. ಮಾವ ಒಂದೇ ಕೋಣೆಯ ಮನೆಯಲ್ಲಿದ್ದರು, ಕಿವಿ ಮಂದವಾಗಿತ್ತು. ಎಲ್ಲವನ್ನೂ ಜೋರಾಗಿ ಹೇಳಬೇಕಾಯಿತು: ಕೆರೆ ಏರಿ, ಕಿಟಕಿ, ನಾನು ಹೇಳಿದ ಸುಳ್ಳು. ಜೀವಮಾನವಿಡೀ ಪಿಸುಮಾತಿನಲ್ಲೂ ಹೇಳಲಾಗದ್ದನ್ನು ಬೀದಿಗೆ ಕೇಳಿಸುವಂತೆ ಕೂಗಿ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು.

“ಅವಳಿಗೆ ಗೊತ್ತಿತ್ತಮ್ಮ. ನೀನು ಕೈಗೆ ಕೊಟ್ಟ ತಕ್ಷಣ ಗೊತ್ತಾಯ್ತಂತೆ. ಬೇರೆ ಮಕ್ಕಳು ಮುಟ್ಟಬಾರದು ಅಂತಲೇ ಇಟ್ಕೊಂಡಳು. ಸುಟ್ಟುಬಿಡೋಣ ಅಂದೆ ನಾನು. ಹೇಗಿದ್ರೂ ಮುಟ್ಟಿ ಆಯ್ತಲ್ಲ, ಓದ್ಬಿಡ್ತೀನಿ ಅಂತ ನಕ್ಕಳು.” ಕನ್ನಡಕ ಮತ್ತೆ ಹಾಕಿಕೊಂಡರು. “ಜ್ವರ ಬಂದ ಮೇಲೆ ಒಂದೇ ಮಾತು ಹೇಳಿದ್ದು. ಪದ್ಮನ್ನ ಯಾರೂ ಏನೂ ಕೇಳಕೂಡದು, ಅವಳು ಮಗು. ನಾನು ಕೇಳಲಿಲ್ಲ. ನಿಮ್ಮಪ್ಪನಿಗೂ ಹೇಳಲಿಲ್ಲ.”

ಅವರು ಎದ್ದು ಸ್ಟೌ ಹಚ್ಚಿ ಕಾಫಿಗೆ ನೀರಿಟ್ಟರು. ಮಾಡಿಕೊಡುತ್ತೇನೆಂದು ನಾನೂ ಎದ್ದೆ, ಕೂತ್ಕೋ ಎಂದರು. ಮನೆಗೆ ಬಂದ ಚಿಕ್ಕ ಹುಡುಗಿಗೆ ಮಾಡುವಂತೆ ಹಾಲು ಹೆಚ್ಚು ಹಾಕಿ, ಎರಡು ಚಮಚ ಸಕ್ಕರೆ ಹಾಕಿ, ಆರಿಸಿ ಕೊಟ್ಟರು. ಅದನ್ನು ಪೂರ್ತಿ ಕುಡಿದೆ.