ಹನ್ನೊಂದರಿಂದ ಹೋಗುವ ಸಂಖ್ಯೆ

ಇವತ್ತು ಕುಂದಾಪುರದ ಮಾರ್ಕೆಟಿನಲ್ಲಿ ನಾನು ಅಂಜಲ್ ಮೀನು ಕತ್ತರಿಸುವಾಗ ಗಿರಾಕಿಯ ಮಗು ಮೂಗು ಮುಚ್ಚಿಕೊಂಡಿತು. ಮರವಂತೆಯ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನ ಹುಡುಗಿಯಾಗಿದ್ದದ್ದು ನೆನಪಾಯಿತು.

ಮೇಷ್ಟ್ರು ಬೋರ್ಡಿನ ಮೇಲೆ 1,00,001 ಬರೆದು, ಇದನ್ನು ಒಂದು ಮತ್ತು ಇದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದೂ ಭಾಗಿಸುವುದಿಲ್ಲ ಎಂದರು. ಅಮ್ಮ, ಚಿಕ್ಕಮ್ಮ ಬಂಗುಡೆ ಮೀನು ಪಾಲು ಮಾಡುತ್ತಿದ್ದುದು ಆ ಬುಟ್ಟಿಗೊಂದು, ಈ ಬುಟ್ಟಿಗೊಂದು ಹಾಕಿ. ನಾನು ಸಂಖ್ಯೆಯ ಅಂಕೆಗಳನ್ನೂ ಹಾಗೆಯೇ ಒಂದಾದ ಮೇಲೊಂದು ಎರಡು ಬುಟ್ಟಿಗೆ ಹಾಕಿ ಆಡುತ್ತಿದ್ದೆ. ಎರಡೂ ಬುಟ್ಟಿಯ ಮೊತ್ತ ಸಮ ಬಂದರೆ ಸಂಖ್ಯೆ ಹನ್ನೊಂದರಿಂದ ಶೇಷವಿಲ್ಲದೆ ಹೋಗುತ್ತದೆಂದು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದೆ. ಬೋರ್ಡಿನ ಸಂಖ್ಯೆಯಲ್ಲಿ ಆ ಬುಟ್ಟಿಗೆ ಒಂದು, ಈ ಬುಟ್ಟಿಗೆ ಒಂದು, ಉಳಿದದ್ದೆಲ್ಲ ಸೊನ್ನೆ.

ಎದ್ದು ನಿಂತು ಬುಟ್ಟಿಯ ಲೆಕ್ಕ ವಿವರಿಸಿದೆ. "ಹನ್ನೊಂದ್ರಲ್ ಹೋತ್ತ್ ಸಾರ್."

"ಇದ್ ಗಣಿತ, ನಿನ್ನಮ್ಮನ ಮೀನ್ ಬುಟ್ಟಿ ಅಲ್ಲ. ಕೂಕೋ!"

ಮರುದಿನ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಬಂದರು. ಅವರ ಊಟಕ್ಕೆ ಮೀನು ತರಲು ಮೇಷ್ಟ್ರು ಎಂದಿನಂತೆ ನನ್ನನ್ನೇ ಓಡಿಸಿದರು. ಅಮ್ಮನಿಗೋ ಹೆಮ್ಮೆ. "ದೊಡ್ಡದೇ ತಕಂಡ್ ಹೋಗ್ ಮಗಾ, ಮೇಷ್ಟ್ರ್ ಕೇಂಡದ್ದಲ್ದಾ" ಎಂದು ಮಾರಲು ಇಟ್ಟಿದ್ದ ಅಂಜಲನ್ನೇ ಕೊಟ್ಟಳು.

ಹಿಂತಿರುಗಿದಾಗ ಕಿಟಕಿಯಿಂದಲೇ ಕಂಡಿತು. ಬೋರ್ಡಿನ ಮೇಲೆ ಅದೇ ಸಂಖ್ಯೆ, ಅದರ ಕೆಳಗೆ ಎರಡು ಬುಟ್ಟಿಯ ಚಿತ್ರ. "ಒಳ್ಳೆ ಉಪಾಯ ಕಂಡುಹಿಡಿದಿದ್ದೀರಿ" ಎಂದು ಇನ್ಸ್‌ಪೆಕ್ಟರ್ ಮೇಷ್ಟ್ರ ಬೆನ್ನು ತಟ್ಟುತ್ತಿದ್ದರು. ಮೇಷ್ಟ್ರು ಬಾಗಿಲಿಗೆ ಬಂದು ಮೀನು ತೆಗೆದುಕೊಂಡರು.

"ಕೈ ತೊಳ್ಕಂಡ್ ಒಳ್ಗ್ ಬಾ ಹೆಣೆ, ಎಂತಾ ನಾತ!"

ಈಗಲೂ ಐಸ್ ಲಾರಿಯ ನಂಬರ್ ಕಂಡರೆ ಅಂಕೆಗಳು ತಾವಾಗಿಯೇ ಎರಡು ಬುಟ್ಟಿಗೆ ಬೀಳುತ್ತವೆ. ಕೆಲವು ಹನ್ನೊಂದರಿಂದ ಹೋಗುತ್ತವೆ. ನಾನು ಯಾರಿಗೂ ಹೇಳುವುದಿಲ್ಲ.